ಶನಿವಾರದ ಸಂಘ ಮತ್ತು ಒಂದು ಮದುವೆ ಹಾಡು

ನನ್ನ ಮೇಜಿನ ಮೇಲೆ ಈಗ ಜಾನಪದ ಸಂಘದ ಮಕ್ಕಳು ತಂದ ಮೂವತ್ತೆಂಟು ಹಾಡಿನ ವರದಿಗಳಿವೆ. ಹೊನ್ನಾವರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಲಿಸಿ ಉಳಿದ ಹೊತ್ತಿನಲ್ಲಿ ಸಂಘಗಳನ್ನು ನಡೆಸುತ್ತೇನೆ. ವಿಜ್ಞಾನ ಸಂಘ, ಪರಿಸರ ಸಂಘ, ಓದುಗರ ಸಂಘ, ಗ್ರಾಹಕರ ಸಂಘ, ಜಾನಪದ ಸಂಘ. ಇನ್ನೊಂದೆರಡು ಇವೆ, ಅವುಗಳ ಹೆಸರು ನೆನಪಾಗಬೇಕಾದರೆ ಕಡತ ತೆಗೆಯಬೇಕು. ಮೂವತ್ತೇಳು ವರದಿಗಳು ಕಂಪ್ಯೂಟರಿನಲ್ಲಿ ಅಚ್ಚಾದವು. ಎಲ್ಲದಕ್ಕೂ ಒಂದೇ ಗುಲಾಬಿ ಹೂವಿನ ಅಂಚು, ಎಲ್ಲವೂ ‘ನಮ್ಮ ಭವ್ಯ ಪರಂಪರೆಯಲ್ಲಿ’ ಎಂದೇ ಶುರುವಾಗುತ್ತವೆ. ಮಕ್ಕಳನ್ನು ಬೈಯುವ ಹಾಗಿಲ್ಲ. ಕಳೆದ ವರ್ಷ ನಾನು ಮೇಲಿನ ಕಚೇರಿಗೆ ಕಳಿಸಿದ ವರದಿಯೂ ಹಾಗೆಯೇ ಶುರುವಾಗಿತ್ತು.

ಮೂವತ್ತೆಂಟನೆಯದು ಮಾತ್ರ ಕೈಬರಹದ ಒಂದು ಪಟ್ಟಿ. ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಎನ್ನುತ್ತೇವೆ. ಒಂಬತ್ತನೆಯ ತರಗತಿಯ ಪವಿತ್ರಾಳದ್ದು. ರಟ್ಟಿನ ಮೇಲೆ ಅರಿಶಿಣದ ಬೆರಳಚ್ಚು, ಒಳಗೊಂದು ಒಣಗಿದ ಅಬ್ಬಲಿಗೆ ಹೂವು, ಪುಟ ಬಿಡಿಸಿದರೆ ಮದುವೆ ಮನೆಯ ವಾಸನೆ: ಅರಿಶಿಣ, ಹೂವು, ಎಣ್ಣೆ, ಎಲ್ಲೋ ದೂರದಲ್ಲಿ ಸಾರಿನ ಒಗ್ಗರಣೆ. ಜಾನಪದ ಸಂಘಕ್ಕಾಗಿ ಅವಳು ಬರೆದುಕೊಂಡು ಬಂದ ಹಾಡಿನ ಮೊದಲ ಸಾಲನ್ನು ಓದಿದೆ. ಓದಿ, ಪಟ್ಟಿ ಮುಚ್ಚಿ, ನೀರು ಕುಡಿದೆ. ಸ್ಟಾಫ್ ರೂಮಿನಲ್ಲಿ ಇನ್ನಾರೂ ಇರಲಿಲ್ಲವಾದ್ದರಿಂದ ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅದು ಯಾಕೆ ಹಾಗಾಯಿತು ಎಂದು ನಿಮಗೆ ಹೇಳಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ, ಕುಮಟೆ ತಾಲ್ಲೂಕಿನ ಮಿರ್ಜಾನದ ಬದಿಗೆ, ನಾನು ಎರಡು ಜಡೆ ಹಾಕಿಕೊಂಡು ಹೋಗುತ್ತಿದ್ದ ಹೈಸ್ಕೂಲಿಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

ಆಗಲೂ ಸಂಘಗಳಿದ್ದವು. ಶನಿವಾರ ಬೆಳಗಿನ ಶಾಲೆ. ಕೊನೆಯ ಅವಧಿ ಸಂಘಗಳಿಗೆ ಮೀಸಲು. ಯಾವುದಾದರೂ ಒಂದು ಸಂಘಕ್ಕೆ ಸೇರಲೇಬೇಕೆಂದು ಹೆಡ್‌ಮಾಸ್ತರರ ಅಪ್ಪಣೆ. ಎಲ್ಲರಿಗೂ ಬೇಕಾದದ್ದು ಗ್ರಾಹಕರ ಸಂಘ. ಶಾಲೆಯೆದುರಿನ ಅಂಗಡಿಯ ಶೇಂಗಾ ಚಿಕ್ಕಿಯ ಗುಣಮಟ್ಟವನ್ನು ಪರೀಕ್ಷಿಸುವುದು ಆ ಸಂಘದ ಏಕೈಕ ಚಟುವಟಿಕೆ. ಪರೀಕ್ಷೆಯನ್ನು ಅವರು ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದರೆಂದರೆ ಕಾಗದ ಮಾತ್ರ ಉಳಿಯುತ್ತಿತ್ತು. ವಿಜ್ಞಾನ ಸಂಘದವರಿಗೆ ಒಂದು ಸೂಕ್ಷ್ಮದರ್ಶಕವಿತ್ತು, ಕಪಾಟಿನ ಗಾಜಿನೊಳಗೆ. ಅವರು ವರ್ಷವಿಡೀ ಅದನ್ನು ಹೊರಗಿನಿಂದ ವೀಕ್ಷಿಸಿದರು. ರಸ್ತೆ ಸುರಕ್ಷತಾ ಸಂಘದವರು ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಓಡುವ ನಮ್ಮ ರಸ್ತೆಯ ಅಂಚಿನಲ್ಲಿ ನಿಂತು, ದಾಟುವ ಎಮ್ಮೆಗಳಿಗೆ ಕೈ ತೋರಿಸುತ್ತಿದ್ದರು. ಎಮ್ಮೆಗಳು ತಮಗೆ ಸರಿ ಕಂಡಾಗಲೇ ದಾಟುತ್ತಿದ್ದವು.

ನನಗೆ ಆ ಜೂನಿನಲ್ಲಿ ಜ್ವರ ಬಂದಿತ್ತು. ಎದ್ದು ಶಾಲೆಗೆ ಹೋಗುವಷ್ಟರಲ್ಲಿ ಎಲ್ಲ ಸಂಘಗಳೂ ತುಂಬಿ, ಜಾನಪದ ಸಂಘ ಒಂದರಲ್ಲಿ ಮಾತ್ರ ಜಾಗ ಉಳಿದಿತ್ತು. ಅದರ ಉಸ್ತುವಾರಿ ಗಾಂವಕರ ಮಾಸ್ತರರದ್ದು. ಅವರು ನಮ್ಮ ದೈಹಿಕ ಶಿಕ್ಷಕರು. ಈ ಸಂಘ ಅವರಿಗೆ ಹೇಗೆ ಬಂತೆಂದರೆ, ಹಂಚುವ ದಿನ ಅವರಿಗೂ ರಜೆಯಿತ್ತು. ಅವರು ಕೊರಳಿನ ಸೀಟಿ ತೆಗೆದದ್ದನ್ನು ನಾನು ಕಂಡಿಲ್ಲ. ಸಂಘದ ಸಭೆಯೂ ಸೀಟಿಯಿಂದಲೇ ಶುರುವಾಗಿ ಸೀಟಿಯಿಂದಲೇ ಮುಗಿಯುತ್ತಿತ್ತು. ನಾವು ಏಳು ಜನ ಎತ್ತರದ ಪ್ರಕಾರ ಸಾಲಾಗಿ ನಿಂತು ಹಾಜರಿ ಹೇಳಿ ಕೂರಬೇಕು. ಆಮೇಲೆ ಏನು ಮಾಡಬೇಕೆಂದು ಅವರಿಗೂ ತಿಳಿಯದೆ, ನಮಗೂ ತಿಳಿಯದೆ, ಅವಧಿ ಮುಗಿಯುವ ತನಕ ಜನಪದರ ಬಗ್ಗೆ ಗೌರವದಿಂದ ಸುಮ್ಮನಿರುತ್ತಿದ್ದೆವು.

ಹೀಗೆ ಸುಖವಾಗಿ ನಡೆದಿದ್ದ ಸಂಘಕ್ಕೆ ಡಿಸೆಂಬರಿನಲ್ಲಿ ಒಂದು ಸುತ್ತೋಲೆ ಬಂತು. ಹಾಡು ಸಂಗ್ರಹ ಸ್ಪರ್ಧೆ. ಪ್ರತಿ ಸದಸ್ಯರೂ ತಮ್ಮ ಊರಿನ ಒಬ್ಬ ಗಾಯಕಿಯಿಂದ ಒಂದು ಮೂಲ ಜನಪದ ಗೀತೆಯನ್ನು ಬರೆದು ತರಬೇಕು. ಜೊತೆಗೊಂದು ಅರ್ಜಿ: ಹಾಡಿದವರ ಹೆಸರು, ವಯಸ್ಸು, ಊರು, ಹಾಡಿನ ಸಂದರ್ಭ. ಗಾಂವಕರ ಮಾಸ್ತರರಿಗೆ ಜೀವ ಬಂತು. ಸ್ಪರ್ಧೆ ಎಂಬ ಶಬ್ದ ಅವರಿಗೆ ಅರ್ಥವಾಗುತ್ತಿತ್ತು. “ಬರೂ ಶನಿವಾರದೊಳಗೆ ಎಲ್ಲರೂ ಹಾಡು ಮುಗಿಸಿ ಬರಬೇಕು. ಅರ್ಧಕ್ಕೆ ನಿಂತವರು ಔಟು” ಎಂದರು.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ರೇಡಿಯೋದ ಹಾಡುಗಳಲ್ಲದೆ ಬೇರೆ ಬರುತ್ತಿರಲಿಲ್ಲ. “ನನ್ನ ಕೇಳಿ ಎಂತ ಮಾಡ್ತೆ? ಹೊನ್ನಕ್ಕನ ಕೇಳು. ಅದಕ್ಕೆ ಬರದ ಹಾಡಿಲ್ಲ” ಎಂದಳು. ಹೊನ್ನಕ್ಕ ನಮ್ಮ ಮನೆಯಿಂದ ಎರಡು ಗದ್ದೆ ಆಚೆಗಿನವಳು. ಆಗ ನಲವತ್ತೈದರ ಆಸುಪಾಸು. ಮಳೆಗಾಲದಲ್ಲಿ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಹರಿವೆ, ಬಸಳೆ, ಸೌತೆ, ಗೆಣಸು ಬೆಳೆದು ಕುಮಟೆಯ ಸಂತೆಗೆ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದಳು. ಸುತ್ತಲಿನ ಯಾವ ಮದುವೆಯ ಹಂದರದಲ್ಲೂ ಚಾಪೆಯ ಮೇಲೆ ಮೊದಲು ಕೂರುವವಳು ಅವಳು. ಅವಳು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಡಿಯುವುದು. ಸಂತೆಗೆ ಹೋಗುವ ದಾರಿಯಲ್ಲಿ ನಮ್ಮ ಜಗಲಿಗೆ ಬುಟ್ಟಿ ಇಳಿಸಿ, ಆಯಿ ಕೊಂಡ ಹರಿವೆಯ ಮೇಲೆ ಯಾವಾಗಲೂ ಒಂದು ಹಿಡಿ ಕೊಸರು ಹಾಕಿ ಏಳುವಳು. ಕೊಸರು ಹಾಕುವಾಗ ನನ್ನ ಮುಖ ನೋಡಿ ನಗುವಳು, ಆ ಹಿಡಿ ನನಗೆಂದೇ ಹಾಕಿದ ಹಾಗೆ.

ಹಾಗಾಗಿ ಕೆಲಸ ಸುಲಭವೆಂದು ತಿಳಿದು ಪಟ್ಟಿ ಹಿಡಿದು ಹೋದೆ. ಹೊನ್ನಕ್ಕ ಹರಿವೆಗೆ ನೀರು ಹನಿಸುತ್ತಿದ್ದಳು.

“ಹೊನ್ನಕ್ಕಾ, ಒಂದು ಹಾಡು ಹೇಳು. ಬರಕಂಡು ಹೋಗಬೇಕು.”

“ಯಾವ ಹಾಡೇ ತಂಗಿ?”

“ಯಾವುದಾದ್ರೂ ಆತದೆ. ನೆಟ್ಟಿ ಹಾಡು.”

“ನೆಟ್ಟಿ ಎಲ್ಲದೆ ಈಗ? ಕೊಯ್ಲು ಮುಗ್ದು ತಿಂಗಳಾಯ್ತು. ನೀರಿಲ್ಲದ ಗದ್ದೆಲಿ ನಿಂತು ನೆಟ್ಟಿ ಹಾಡು ಹೇಳೂಕೆ ನಂಗೆಂತ ಮರುಳಾ?”

“ಹಂಗಾದ್ರೆ ಮದ್ವೆ ಹಾಡು.”

ಹೊನ್ನಕ್ಕ ಕೊಡಪಾನ ಕೆಳಗಿಟ್ಟಳು. “ಧನುರ್ಮಾಸದಲ್ಲಿ ಮದ್ವೆ ಹಾಡಾ? ಮದುಮಗಳಿಲ್ಲ, ಹಂದ್ರ ಇಲ್ಲ. ಮದ್ವೆ ಇಲ್ದೆ ಆ ಹಾಡು ಬಾಯಿಗೆ ತಂದ್ರೆ ಎಲ್ಲೋ ಯಾರದೋ ಮದ್ವೆ ತಪ್ಪಿ ಹೋತದೆ. ನಮ್ಮ ಅವ್ವಿ ಹೇಳಿದ್ದು ಇದು.”

“ಹಾಡೂದು ಬೇಡ, ಬರೇ ಶಬ್ದ ಹೇಳು. ಸಾಕು.”

ಅವಳು ನಿಜವಾಗಿಯೂ ಪ್ರಯತ್ನಿಸಿದಳು. ಕಣ್ಣು ಮುಚ್ಚಿ ನಿಂತಳು. ತುಟಿ ಅಲುಗಿತು. ಆಮೇಲೆ ನಕ್ಕುಬಿಟ್ಟಳು. “ಬರೂದಿಲ್ಲ ತಂಗಿ. ಹಾಡಿದ್ರೆ ಶಬ್ದ ಬತ್ತದೆ. ಬರೇ ಹೇಳು ಅಂದ್ರೆ ಒಂದೂ ಇಲ್ಲ.”

ನನ್ನ ಕಷ್ಟ ನಿಮಗೆ ಅರ್ಥವಾಗಬೇಕು. ನೂರಾರು ಹಾಡುಗಳು ಎದುರಿಗೇ ನಿಂತಿವೆ, ಕಾಲ ಬಳಿ ಕೊಡಪಾನ ಇಟ್ಟುಕೊಂಡಿವೆ, ಹೊರಗೆ ಬರುವುದಿಲ್ಲ. ಶನಿವಾರಕ್ಕೆ ಮೂರು ದಿನ. ಉಳಿದ ಆರು ಜನರೂ ಹಾಡು ತಂದರೆಂದು ಸುದ್ದಿ. ಅವರಲ್ಲಿ ಮೂವರು ಒಂದೇ ಹಾಡನ್ನು ಬೇರೆ ಬೇರೆ ಅಜ್ಜಿಯರ ಹೆಸರಿನಲ್ಲಿ ತಂದಿದ್ದರೆಂದು ಆಮೇಲೆ ತಿಳಿಯಿತು. ನಾನು ಅಂಥ ಮೋಸ ಮಾಡುವವಳಲ್ಲ. ಆದ್ದರಿಂದ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು ಸ್ವಂತವಾಗಿ ಒಂದನ್ನು ಕಟ್ಟಿದೆ.

ಹೊನ್ನಕ್ಕನ ಹಾಡುಗಳ ಧಾಟಿ ಕಿವಿಯಲ್ಲಿತ್ತು. ‘ತಂಗ್ಯಮ್ಮ’ ಎಂದು ನಡುವೆ ಹಾಕಿದರೆ ಅರ್ಧ ಕೆಲಸ ಆಯಿತೆಂದು ಗೊತ್ತಿತ್ತು. ಮೂರು ಮೂರು ಸಾಲಿನ ಐದು ಪದ ಕಟ್ಟಿದೆ. ಮೊದಲನೆಯದು ಹೀಗಿತ್ತು:

ಹಂದರಕೆ ಬರುವಾಗ ತಂಗಿ ಕೈಯಲ್ಲೇನ
ಹಿಂಗಾರ ಹೂವ ಹಿಡಿದಾಳೆ, ತಂಗ್ಯಮ್ಮ
ಹಿಂತಿರುಗಿ ಮನೆಯ ನೋಡ್ಯಾಳೆ

ಉಳಿದ ನಾಲ್ಕು ಇದಕ್ಕಿಂತ ಕೆಟ್ಟದಾಗಿದ್ದವು, ಅವನ್ನು ಬಿಡಿ. ಅರ್ಜಿಯಲ್ಲಿ ಹಾಡಿದವರ ಹೆಸರು ಹೊನ್ನಮ್ಮ, ವಯಸ್ಸು ಅರವತ್ತೆಂಟು ಎಂದು ಬರೆದೆ. ಜಾನಪದಕ್ಕೆ ನಲವತ್ತೈದು ಸಾಲದು ಅನ್ನಿಸಿತ್ತು.

ಗಾಂವಕರ ಮಾಸ್ತರರು ಅದನ್ನು ಓದಿ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡರು. “ನನ್ನ ತಂಗಿ ಮದ್ವೆ ನೆನಪಾಯ್ತು” ಎಂದರು. ಕಣ್ಣು ಒದ್ದೆಯಾಗಿತ್ತು. ಆ ಕ್ಷಣದಲ್ಲೇ ನಿಜ ಹೇಳಿಬಿಡಬೇಕಿತ್ತು. ಆದರೆ ನಾನು ಬರೆದದ್ದನ್ನು ಓದಿ ಒಬ್ಬರು ಅತ್ತದ್ದು ಅದೇ ಮೊದಲು. ಇಂದಿನವರೆಗೆ ಲೆಕ್ಕ ಹಾಕಿದರೆ ಅದೇ ಕೊನೆಯೂ ಹೌದು. ಬಾಯಿ ಬರಲಿಲ್ಲ.

ಹಾಡು ಕುಮಟೆಗೆ ಹೋಗಿ ತಾಲ್ಲೂಕಿಗೆ ಮೊದಲನೆಯದಾಗಿ ಬಂತು. ತೀರ್ಪುಗಾರರ ಟಿಪ್ಪಣಿಯನ್ನು ಪ್ರಾರ್ಥನೆಯ ಸಮಯದಲ್ಲಿ ಓದಿದರು. ಇದು ಕನಿಷ್ಠ ಏಳೆಂಟು ತಲೆಮಾರಿನ ಹಾಡೆಂದೂ, ಮೂರನೆಯ ಪದದಲ್ಲಿ ಲಯ ಮುರಿದಿರುವುದು ಅದರ ಪ್ರಾಚೀನತೆಗೆ ಸಾಕ್ಷಿಯೆಂದೂ ಬರೆದಿದ್ದರು. ಮೂರನೆಯ ಪದ ಕಟ್ಟುವಾಗ ಆಯಿ ಚಹಾಕ್ಕೆ ಕರೆದಿದ್ದಳು, ಎದ್ದು ಹೋಗಿದ್ದೆ.

ಅಲ್ಲಿಗೆ ಮುಗಿದಿದ್ದರೆ ನನ್ನ ಬಾಳು ಹಸನಾಗಿರುತ್ತಿತ್ತು. ಆದರೆ ಮುಂದಿನ ಸುತ್ತು ಹೊನ್ನಾವರದಲ್ಲಿ. ‘ವಿದ್ಯಾರ್ಥಿಯು ಮೂಲ ಗಾಯಕಿಯೊಂದಿಗೆ ಹಾಜರಾಗತಕ್ಕದ್ದು. ಗಾಯಕಿಯು ವೇದಿಕೆಯಲ್ಲಿ ಸದರಿ ಗೀತೆಯನ್ನು ಹಾಡತಕ್ಕದ್ದು.’ ನಾನು ಸಿಕ್ಕಿಬೀಳುವುದು ಹಾಗಿರಲಿ, ಹೊನ್ನಕ್ಕನನ್ನು ನೂರು ಜನರೆದುರು ನಿಲ್ಲಿಸಿ, ಅವಳು ಕೇಳಿಯೇ ಇರದ ಹಾಡನ್ನು ಹಾಡು ಎನ್ನುತ್ತಾರೆ. ಅವಳು ಹಾಡು ತನ್ನದಲ್ಲ ಎಂದರೆ ನಾನು ಕಳ್ಳಿ. ತನ್ನದೆಂದು ಹೇಳಿ ಹಾಡಲಾಗದೆ ನಿಂತರೆ, ಹಂದರದಲ್ಲಿ ಮೊದಲ ಚಾಪೆಯವಳು ನನ್ನಿಂದಾಗಿ ತಲೆ ತಗ್ಗಿಸಬೇಕು. ಎರಡನೆಯದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು ಎಂದು ಬರೆಯಲು ಆಸೆ. ಆದರೆ ನಿಮ್ಮೆದುರು ಯಾಕೆ ಸುಳ್ಳು, ಆಗ ಹೆದರಿದ್ದು ಮೊದಲನೆಯದಕ್ಕೇ.

ನಾನು ಹೋಗಿ ಹೇಳುವುದರೊಳಗೆ ಗಾಂವಕರ ಮಾಸ್ತರರೇ ಸೈಕಲ್ ಹತ್ತಿ ಹೊನ್ನಕ್ಕನನ್ನು ಕರೆಯಲು ಹೋಗಿದ್ದರು. ಮರುದಿನ ಬಂದು, “ಅವರು ಬತ್ತರಂತೆ. ಎಲ್ಲ ಕೇಳಿ ‘ಆತು’ ಅಂದ್ರು. ಎಷ್ಟು ಸರಳ ಮನುಷ್ಯರು!” ಎಂದು ಹೇಳಿದರು. ಆ ‘ಆತು’ ಯಾವ ಬಗೆಯದ್ದೆಂದು ತಿಳಿಯದೆ ಸಂಜೆ ಅವಳ ಮನೆಗೆ ಓಡಿದೆ. ಹೊನ್ನಕ್ಕ ಅಂಗಳದಲ್ಲಿ ಹರಿವೆಯ ಕಟ್ಟು ಕಟ್ಟುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ಕೇಳಿದಳು:

“ನಾ ಹಾಡಿದ ಹಾಡಂತೆ. ಓದು ಕಾಂಬೊ.”

ಓದಿದೆ. ಐದೂ ಪದ ಓದಿದೆ. ಅವಳು ಬಾಳೆಯ ಹಗ್ಗ ಹಲ್ಲಿನಲ್ಲಿ ಕಚ್ಚಿ ಹಿಡಿದು ಪೂರ್ತಿ ಕೇಳಿದಳು. ಆಮೇಲೆ ಹಗ್ಗ ತೆಗೆದು, “ತಪ್ಪಾಯ್ತು” ಎಂದಳು.

“ಹೌದು ಹೊನ್ನಕ್ಕಾ, ತಪ್ಪಾಯ್ತು. ನಾಳೆ ಮಾಸ್ತರರ ಹತ್ರ ಹೇಳ್ತೆ.”

“ಅದಲ್ಲವೇ. ಹಾಡು ತಪ್ಪಾಯ್ತು. ಹಂದ್ರಕ್ಕೆ ಬರುವಾಗ ಮನೆ ಬದಿಗೆ ತಿರುಗಿ ನೋಡೂದು ಎಂತಕ್ಕೆ? ಹಂದ್ರ ಇರೂದೇ ಮನೆ ಬಾಗ್ಲಲ್ಲಿ. ಹೋಗುವಾಗ ನೋಡೂದು. ಅಲ್ಲಿ ಅಳು ಬರೂದು.” ಕಟ್ಟಿಗೊಂದು ಗಂಟು ಹಾಕಿ, “ಉಳಿದದ್ದು ಅಡ್ಡಿಲ್ಲ” ಎಂದಳು.

ನಾನು ಅಳುತ್ತಿದ್ದೆ. ಹೊನ್ನಕ್ಕ ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಕಟ್ಟು ಕಟ್ಟುವುದನ್ನು ಮುಂದುವರಿಸಿದಳು. “ಹೋಗು, ಕತ್ಲಾಗ್ತದೆ. ಆ ದಿವ್ಸ ಬತ್ತೆ” ಎಂದಷ್ಟೇ ಹೇಳಿದಳು.

ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋದೆವು: ನಾನು, ಮಾಸ್ತರರು, ಹೊನ್ನಕ್ಕ ಮತ್ತು ಅವಳ ಬುಟ್ಟಿ. ಅಷ್ಟು ದೂರ ಬರಿಗೈಯಲ್ಲಿ ಹೋಗುವುದು ಅವಳಿಗೆ ಒಗ್ಗಲಿಲ್ಲ. ಸಭಾಭವನದ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂತು, ಕಾರ್ಯಕ್ರಮ ಶುರುವಾಗುವಷ್ಟರಲ್ಲಿ ಮುಕ್ಕಾಲು ಬುಟ್ಟಿ ಖಾಲಿ ಮಾಡಿದ್ದಳು. ಮುಖ್ಯ ತೀರ್ಪುಗಾರರೇ ಎರಡು ಕಟ್ಟು ಬಸಳೆ ಒಯ್ದಿದ್ದರು. ಆಮೇಲೆ ವೇದಿಕೆಯಲ್ಲಿ ಮೂಲ ಗಾಯಕಿಯೆಂದು ಅವಳನ್ನು ಕಂಡಾಗ ಅವರ ಮುಖದಲ್ಲಿ ಪರಿಚಯದ ನಗೆ ಬಂದು, ಬಸಳೆಯ ನೆನಪಾಗಿ, ಅದು ಬೇಗ ಹೋಯಿತು.

“ಹಾಡಿ ಅಮ್ಮಾ” ಎಂದರು.

ಹೊನ್ನಕ್ಕ ಮೈಕಿನ ಮುಂದೆ ನಿಂತು ಸುತ್ತ ನೋಡಿದಳು. ಕೊರಳಿನ ಕರಿಮಣಿ ಸರಗಳನ್ನು ಸರಿ ಮಾಡಿಕೊಂಡಳು. ನಾನು ಪಕ್ಕದಲ್ಲಿ ಪಟ್ಟಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ.

“ಹಂದ್ರ ಎಲ್ಲದೆ?” ಎಂದು ಕೇಳಿದಳು.

ಸಭೆಯಲ್ಲಿ ಯಾರೋ ನಕ್ಕರು.

“ಮದುಮಗಳು ಎಲ್ಲಿ? ಮದ್ವೆ ಹಾಡು ಮದ್ವೆಲಿ ಹಾಡೂದು. ಹೀಂಗೆ ನಿಂತು ಹಾಡೂಕಾಗ. ಮತ್ತೆ, ಈ ಹಾಡು ನಂದಲ್ಲ, ಈ ತಂಗಿದು.” ನನ್ನ ತಲೆಯ ಮೇಲೆ ಕೈಯಿಟ್ಟಳು. “ಇವಳ ಮದ್ವೆ ದಿವ್ಸ ಹಾಡ್ತೆ. ನೀವೆಲ್ಲ ಬನ್ನಿ, ಕೇಳುವಿರಂತೆ.”

ಅಷ್ಟು ಹೇಳಿ ಇಳಿದುಬಿಟ್ಟಳು. ಇದ್ದ ಸತ್ಯವನ್ನು ಇದ್ದ ಹಾಗೇ ಮೈಕಿನಲ್ಲಿ ಹೇಳಿದ್ದಳು. ಆಮೇಲೆ ಚಪ್ಪಾಳೆ ಬಿತ್ತು ನೋಡಿ! ಮುಖ್ಯ ತೀರ್ಪುಗಾರರು ಎದ್ದು ನಿಂತು, ತನ್ನ ಹಾಡನ್ನು ಮುಂದಿನ ಪೀಳಿಗೆಯದೆಂದು ಹೇಳುವ ಈ ನಿಸ್ವಾರ್ಥ ಇನ್ನೆಲ್ಲಿ ಕಾಣಲು ಸಾಧ್ಯ ಎಂದು ಹತ್ತು ನಿಮಿಷ ಮಾತಾಡಿದರು. ಹಾಡದೇ ಇದ್ದದ್ದೇ ಹಾಡು ಅಸಲಿ ಎಂಬುದಕ್ಕೆ ದೊಡ್ಡ ಪುರಾವೆಯಂತೆ. ನಿಜವಾಗಿ ಹಾಡಿದವರಿಗೆಲ್ಲ ಎರಡನೆಯ, ಮೂರನೆಯ ಬಹುಮಾನ. ನಮಗೆ ವಿಶೇಷ ಬಹುಮಾನ. ಗಾಂವಕರ ಮಾಸ್ತರರು ಸಭಾಭವನದಲ್ಲೇ ಸೀಟಿ ಊದಿದರು.

ಆ ಪ್ರಶಸ್ತಿಪತ್ರ ಮುಂದೆ ನನ್ನ ಎಲ್ಲ ಅರ್ಜಿಗಳ ಜೊತೆ ಹೋಯಿತು. ‘ಜಾನಪದ ಸಂಗ್ರಹದಲ್ಲಿ ವಿಶೇಷ ಆಸಕ್ತಿ’ ಎಂದು ನನ್ನ ಬಗ್ಗೆ ಬರೆದುಕೊಳ್ಳುವಾಗ ಪ್ರತಿಸಲ ಪೆನ್ನು ಸ್ವಲ್ಪ ತಡೆಯುತ್ತಿತ್ತು, ಆಮೇಲೆ ಬರೆಯುತ್ತಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಹೊನ್ನಕ್ಕ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: “ಎಲ್ಲರೆದ್ರು ಮಾತು ಕೊಟ್ಟಾಯ್ತು. ಮದ್ವೆಗೆ ಕರೀದೆ ಬಿಟ್ಟೀ ಮತ್ತೆ.”

“ಕರೀತೆ ಹೊನ್ನಕ್ಕಾ. ದೇವರಾಣೆ.”

ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯ ಆಣೆ ಹಾಕಲು ಧೈರ್ಯವೇನೂ ಬೇಕಾಗುವುದಿಲ್ಲ.

ಮುಂದೆ ಓದು, ಕೆಲಸ, ಭಟ್ಕಳದ ಶಾಲೆ. ಅಲ್ಲಿಯೂ ಸಂಘಗಳು ನನ್ನ ಪಾಲಿಗೇ ಬಂದವು, ಪ್ರಶಸ್ತಿಪತ್ರದ ಪುಣ್ಯ. ಅರ್ಧ ಮಕ್ಕಳು ಮನೆಯಲ್ಲಿ ನವಾಯತಿ ಭಾಷೆ ಆಡುವವರು. ಒಂದು ಹುಡುಗಿಗೆ ಅಜ್ಜಿಯ ಹಾಡು ಬರೆದು ತಾ ಎಂದೆ. ಮರುವಾರ ಬಂದು, “ದಾದಿ ಶಾದಿಯಲ್ಲೇ ಹಾಡೋದಂತೆ ಟೀಚರ್, ಸುಮ್ಮನೆ ಹಾಡೋದಿಲ್ಲಂತೆ” ಎಂದಳು. ಭಾಷೆ ಬೇರೆಯಾದರೂ ಅಜ್ಜಿಯರೆಲ್ಲ ಸೇರಿ ನನ್ನ ವಿರುದ್ಧ ಮಾತಾಡಿಕೊಂಡಿದ್ದಾರೆ ಅನ್ನಿಸಿತು. ಆ ಹುಡುಗಿಯ ಕಾಲಂ ಖಾಲಿ ಬಿಟ್ಟೇ ಪೂರ್ತಿ ಅಂಕ ಕೊಟ್ಟೆ.

ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರನ್ನು ಮದುವೆಯಾದೆ. ಎರಡು ಮನೆಯವರಿಗೂ ಈ ಸಂಬಂಧಕ್ಕೆ ಮನಸ್ಸಿರಲಿಲ್ಲ. ಎಲ್ಲಿ ಹಂದರ ಹಾಕುವುದು, ಯಾರ ಪದ್ಧತಿಯಲ್ಲಿ ಎಂಬುದೇ ಜಗಳವಾಯಿತು. ಬೇಸತ್ತು ಒಂದು ಬುಧವಾರ ಕುಮಟೆಯ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿದೆವು. ಹದಿನೈದು ನಿಮಿಷದ ಕೆಲಸ. ಗಣಿತದವರಾದ್ದರಿಂದ ನನ್ನ ಗಂಡ ಇದರಲ್ಲಿ ಉಳಿದ ಸಮಯವನ್ನು ಕೂಡ ಲೆಕ್ಕ ಹಾಕಿ, ಮಧ್ಯಾಹ್ನದ ಅವಧಿಗೆ ಶಾಲೆಗೆ ವಾಪಸಾದರು. ಹೊನ್ನಕ್ಕನನ್ನು ಕರೆಯಲಿಲ್ಲ. ಮರೆತಿರಲಿಲ್ಲ. ಆ ಕಚೇರಿಯ ಬೆಂಚಿನ ಮೇಲೆ ಅವಳನ್ನು ಎಲ್ಲಿ ಕೂರಿಸುವುದು ಎಂದು ನಾಚಿಕೆಯಾಯಿತು. ಕಚೇರಿಯಿಂದ ಸಂತೆ ಕೂಗಳತೆಯ ದೂರ. ಬುಧವಾರ ಕುಮಟೆಯ ಸಂತೆಯ ದಿನವೇ ಆಗಿತ್ತು. ಅವಳು ಅಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದಳೆಂದು ನನಗೆ ಗೊತ್ತಿತ್ತು.

ತಿಂಗಳ ಮೇಲೆ ಅದೇ ಸಂತೆಯಲ್ಲಿ ಅವಳಿಗೆ ಎದುರಾದೆ.

“ಮದ್ವೆ ಆತಂತೆ?”

“ಆತು.”

“ಹಾಡು?”

“ರಿಜಿಸ್ಟರ್ ಆಫೀಸಲ್ಲಿ ಹಾಡೂಕೆ ಬಿಡೂದಿಲ್ಲ ಹೊನ್ನಕ್ಕಾ.”

“ಕೇಳಿದ್ಯಾ?”

ಕೇಳಿರಲಿಲ್ಲ. ಹೊನ್ನಕ್ಕ ನಾನು ಆರಿಸಿದ ಹರಿವೆಯ ಕಟ್ಟನ್ನು ಚೀಲಕ್ಕೆ ಹಾಕಿದಳು. ಕೊಸರು ಹಾಕಲಿಲ್ಲ. ನಾನು ಚೀಲದ ಬಾಯಿ ಅಗಲಿಸಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಅವಳು ಮುಂದಿನ ಗಿರಾಕಿಯ ಜೊತೆ ಮಾತಿಗಿಳಿದಳು. ನನ್ನ ಜೀವಮಾನದಲ್ಲಿ ಮೇಲಧಿಕಾರಿಗಳಿಂದ ಎಷ್ಟೋ ಸಲ ಬೈಸಿಕೊಂಡಿದ್ದೇನೆ, ಯಾವುದೂ ಅಷ್ಟು ನಾಟಿಲ್ಲ.

ಆಮೇಲೆ ನಾನು ಆ ಸಾಲಿಗೇ ಹೋಗಲಿಲ್ಲ. ಆಚೆ ತುದಿಯಲ್ಲಿ ಸಪ್ಪೆ ಹರಿವೆ ಕೊಂಡು ಬರುತ್ತಿದ್ದೆ. ಕೆಲವು ವರ್ಷದ ಮೇಲೆ ಅವಳು ಸಂತೆಗೆ ಬರುವುದನ್ನು ಬಿಟ್ಟು ಮಗಳ ಮನೆಗೆ ಹೋದಳೆಂದು ಆಯಿ ಹೇಳಿದಳು. ಎಲ್ಲಿ ಎಂದು ನಾನು ಕೇಳಲಿಲ್ಲ. ಈಚೆಗೆ ಇದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯವೂ ಇರಲಿಲ್ಲ.

ಈಗ ಪವಿತ್ರಾಳ ಪಟ್ಟಿಗೆ ಬನ್ನಿ. ನೀರು ಕುಡಿದು, ಮತ್ತೆ ತೆರೆದು, ಓದಿದೆ.

ಹಂದರಕೆ ಬರುವಾಗ ತಂಗಿ ಕೈಯಲ್ಲೇನ
ಗೀಟೆಳೆದ ಪಟ್ಟಿ ಹಿಡಿದಾಳೆ, ತಂಗ್ಯಮ್ಮ
ಹೋಗುವಾಗ ಮನೆಯ ನೋಡ್ಯಾಳೆ

ಹಿಂಗಾರ ಹೋಗಿ ಪಟ್ಟಿ ಬಂದಿತ್ತು. ಮನೆ ನೋಡುವುದು ‘ಹೋಗುವಾಗ’ ಎಂದು ಸರಿಯಾಗಿತ್ತು. ಲಯ ಮುರಿದ ಮೂರನೆಯ ಪದ ನೆಟ್ಟಗಾಗಿತ್ತು. ಕೆಟ್ಟದಾಗಿದ್ದ ಎರಡು ಪದಗಳನ್ನು ಯಾರೋ ಕರುಣೆಯಿಂದ ಬಿಟ್ಟುಬಿಟ್ಟಿದ್ದರು.

ಪವಿತ್ರಾಳನ್ನು ಕರೆಸಿದೆ. ಇಡಗುಂಜಿಯ ಬದಿಯ ಹುಡುಗಿ. ತಪ್ಪು ಮಾಡಿದವಳ ಹಾಗೆ ಬಾಗಿಲಲ್ಲೇ ನಿಂತಳು.

“ಪ್ರಿಂಟ್ ತೆಗೀಬೇಕಿತ್ತು ಅಲ್ವಾ ಮೇಡಂ? ಮದ್ವೆ ಮನೆಲಿ ಕೂತು ಬರ್ದದ್ದು. ದೊಡ್ಡಜ್ಜಿ ಮನೇಲಿ ಕೇಳಿದ್ರೆ ಹೇಳೂದಿಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡೂಕೂ ಬಿಡೂದಿಲ್ಲ. ‘ಹಂದ್ರಕ್ಕೆ ಬಂದು ಚಾಪೆ ಮೇಲೆ ಕೂತು ಬರಕೊ’ ಹೇಳ್ತು.”

“ನಿನ್ನ ದೊಡ್ಡಜ್ಜಿಯ ಹೆಸರು?”

“ಹೊನ್ನಜ್ಜಿ. ನಮ್ಮ ಅಜ್ಜಿಯ ಅಕ್ಕ. ಕುಮಟೆ ಬದಿಯದು, ಈಗ ನಮ್ಮ ಪಕ್ಕದಲ್ಲೇ ಮಗಳ ಮನೇಲಿದೆ. ಕಣ್ಣು ಅಷ್ಟು ಕಾಣೂದಿಲ್ಲ. ಹಾಡೂಕೆ ಕೂತ್ರೆ ಮಾತ್ರ ಯಾರೂ ಅ‌ದರ ಸರಿ ಇಲ್ಲ.”

ನನಗೆ ಅಳು ಬಂದಿತ್ತು, ಅದನ್ನು ಕೆಮ್ಮು ಮಾಡಿಕೊಂಡೆ. ಆಮೇಲೆ ಟೀಚರಿನ ದನಿ ತಂದುಕೊಂಡು ಕೇಳಿದೆ: “ಮದುಮಗಳ ಕೈಯಲ್ಲಿ ಪಟ್ಟಿ ಯಾಕೆ?”

“ನಾನೂ ಅದನ್ನೇ ಕೇಳ್ದೆ ಮೇಡಂ. ನಮ್ಮ ಕಡೆ ನಾಲ್ಕೂರಲ್ಲಿ ಯಾರ ಮದ್ವೆ ಆದ್ರೂ ಈ ಹಾಡಿದೆ, ಎಲ್ಲ ಮದುಮಗಳೂ ಪಟ್ಟಿ ಹಿಡ್ಕಂಡೇ ಬರೂದು. ಈ ಹಾಡು ಕಟ್ಟಿದ್ದು ಮಿರ್ಜಾನ ಬದಿಯ ಒಂದು ಶಾಲೆ ತಂಗಿಯಂತೆ. ಅದರ ಮದ್ವೆಲಿ ಹಾಡ್ತೆ ಅಂತ ದೊಡ್ಡಜ್ಜಿ ಮಾತು ಕೊಟ್ಟಿತ್ತಂತೆ. ಆದ್ರೆ ಪಾಪ, ಅದರ ಮದ್ವೆ ಆಗ್ಲೇ ಇಲ್ಲಂತೆ.”

ಹತ್ತೊಂಬತ್ತು ವರ್ಷದಿಂದ ನನ್ನ ಜೊತೆ ಸಂಸಾರ ಮಾಡುತ್ತಿರುವ ಗಣಿತದ ಮೇಷ್ಟ್ರು ಇದನ್ನು ಕೇಳಬೇಕಿತ್ತು.

ಅರ್ಜಿ ನೋಡಿದೆ. ಈಗಿನ ಅರ್ಜಿಯಲ್ಲಿ ರಚನೆಕಾರರು ಎಂಬ ಕಾಲಂ ಕೂಡ ಇದೆ. ಮೂವತ್ತೇಳು ಮಕ್ಕಳು ‘ತಿಳಿದಿಲ್ಲ’ ಎಂದು ಅಚ್ಚು ಹಾಕಿದ್ದರು. ಪವಿತ್ರಾ ನೀಲಿ ಶಾಯಿಯಲ್ಲಿ ಬರೆದಿದ್ದಳು: ‘ಮದುವೆಯಾಗದೆ ಉಳಿದ ಒಬ್ಬಳು ತಂಗಿ’. ಕೆಳಗೆ ನನ್ನ ಸಹಿಗೆ ಜಾಗ: ‘ಇದು ಪರಂಪರೆಯಿಂದ ಬಂದ ಮೂಲ ಜನಪದ ಗೀತೆಯೆಂದು ದೃಢೀಕರಿಸುತ್ತೇನೆ.’

ಸಹಿ ಹಾಕಿದೆ. ಈ ಸಲ ಪೆನ್ನು ತಡೆಯಲಿಲ್ಲ. ನಾನು ಕಟ್ಟಿದ್ದು ಬಾವಿಕಟ್ಟೆಯ ಮೇಲೆ ಕೂತು ಮಾಡಿದ ಮೋಸ. ಇದು ನನಗೆ ಗೊತ್ತಿಲ್ಲದ ಎಷ್ಟೋ ಹಂದರಗಳಲ್ಲಿ, ಎಷ್ಟೋ ಹೆಂಗಸರ ಬಾಯಲ್ಲಿ ಹಾದು ಬಂದದ್ದು. ಇದು ನನ್ನದೆಂದು ಹೇಳಿಕೊಳ್ಳುವ ಮುಖ ನನಗಿಲ್ಲ. ಇದರೊಳಗೆ ನಾನಿದ್ದೇನೆ, ಅಷ್ಟೇ. ಕೊನೆಯ ಪದವಂತೂ ನಾನು ಬರೆದದ್ದೇ ಅಲ್ಲ:

ಹಾಡ ಕಟ್ಟಿದ ತಂಗಿ ಹಂದರಕೆ ಬರಲಿಲ್ಲ
ಹಾಸೀದ ಚಾಪೆ ಮಡಚಿಲ್ಲ, ತಂಗ್ಯಮ್ಮ
ನಿನ್ನ ಪಾಲಿನ ಹಾಡು ಮುಗಿದಿಲ್ಲ

ಕೊಸರು ಹಾಕದೆ ಕಳಿಸಿದವಳು ಇಷ್ಟು ವರ್ಷ ಮದುವೆಯಿಂದ ಮದುವೆಗೆ ನನ್ನ ಪಾಲನ್ನು ತೆಗೆದಿಟ್ಟುಕೊಂಡು ಬಂದಿದ್ದಳು. ನಾನು ಮಾತ್ರ ಸಂತೆಯ ಆಚೆ ತುದಿಯಲ್ಲಿ ಸಪ್ಪೆ ಹರಿವೆ ಆರಿಸುತ್ತಿದ್ದೆ.

“ಮುಂದೆ ಯಾವುದಾದರೂ ಮದುವೆ ಇದೆಯಾ ನಿಮ್ಮ ಕಡೆ?” ಎಂದು ಪವಿತ್ರಾಳನ್ನು ಕೇಳಿದೆ.

“ಬರೂ ಗುರುವಾರ ನಮ್ಮ ಚಿಕ್ಕಪ್ಪನ ಮಗಳದ್ದೇ. ಬತ್ರಾ ಮೇಡಂ?” ಅವಳ ಮುಖ ಅರಳಿತು. “ದೊಡ್ಡಜ್ಜಿಗೆ ಹೇಳ್ಲಾ, ನಮ್ಮ ಶಾಲೆ ಅಕ್ಕೋರು ಬತ್ತರು ಅಂತ?”

“ಹೇಳು. ಹಾಗೇ, ಮಿರ್ಜಾನದ ತಂಗಿ ಬತ್ತಂತೆ ಅಂತ ಹೇಳು.”

ಅವಳು ನನ್ನನ್ನು ನೋಡಿದಳು, ಪಟ್ಟಿಯನ್ನು ನೋಡಿದಳು. ಕೇಳಬೇಕೆಂದು ಬಾಯಿ ತೆರೆದವಳು ಗಂಟೆ ಕೇಳಿ ತರಗತಿಗೆ ಓಡಿದಳು.

ರಜೆ ಚೀಟಿ ಬರೆದೆ. ಕಾರಣ ಎಂಬಲ್ಲಿ ‘ಮದುವೆ’ ಎಂದು ಹಾಕಿದೆ. ಆಮೇಲೆ ಗಂಡನಿಗೆ ಫೋನು ಮಾಡಿದೆ.

“ಗುರುವಾರ ರಜೆ ಹಾಕಿ.”

“ಎಂತಕ್ಕೆ?”

“ಮದ್ವೆ ಇದೆ.”

“ಯಾರದು?”

“ನಮ್ಮದೇ.”

ಅತ್ತ ಕಡೆ ಸ್ವಲ್ಪ ಹೊತ್ತು ಲೆಕ್ಕ ನಡೆಯಿತು. “ಮತ್ತೊಂದ್ಸಲವಾ?”

“ಮೊದಲ್ನೇ ಸಲ” ಎಂದೆ. “ಹದಿನೈದು ನಿಮಿಷದಲ್ಲಿ ಮುಗಿಯೂದಿಲ್ಲ, ಮಧ್ಯಾಹ್ನದ ಅವಧಿ ಯಾರಿಗಾದ್ರೂ ವಹಿಸಿ ಬನ್ನಿ.”

ಫೋನು ಇಟ್ಟು ಕಪಾಟು ತೆರೆದೆ. ಗೀಟೆಳೆದ ಒಂದು ಹೊಸ ಪಟ್ಟಿ ಹುಡುಕಿ ಚೀಲದಲ್ಲಿ ಹಾಕಿಕೊಂಡೆ. ಹಂದರಕ್ಕೆ ಬರಿಗೈಯಲ್ಲಿ ಹೋಗುವಂತಿಲ್ಲವಲ್ಲ.